‘ಹವಾಮಾನ ಬದಲಾವಣೆ’ಯೋ, ‘ವಾಯುಗುಣ ಬದಲಾವಣೆ’ಯೋ?

ಚಳಿಗಾಲ ಕಾಲಿಟ್ಟಿತೆಂದರೆ ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ ‘ಹವಾಮಾನ ಬದಲಾವಣೆಯಿಂದ ಮಕ್ಕಳಲ್ಲಿ ನೆಗಡಿ, ಕೆಮ್ಮು’ ಎಂಬಂಥ ಶೀರ್ಷಿಕೆಗಳು ಕಾಣುತ್ತವೆ. ವಿಶ್ವಸಂಸ್ಥೆಯ ವಾರ್ಷಿಕ ಶೃಂಗಸಭೆಯ ವರದಿಯಲ್ಲೂ ಅದೇ ‘ಹವಾಮಾನ ಬದಲಾವಣೆ’. ಮೊದಲನೆಯದು ಋತು ತಿರುಗುವಾಗಿನ ನಾಲ್ಕು ದಿನಗಳ ಏರುಪೇರು. ಎರಡನೆಯದು ಕಲ್ಲಿದ್ದಲು, ಪೆಟ್ರೋಲಿಯಂಗಳನ್ನು ಉರಿಸಿ ನಾವೇ ವಾತಾವರಣಕ್ಕೆ ತುಂಬಿದ ಅನಿಲಗಳಿಂದ ಭೂಮಿ ಬಿಸಿಯೇರುತ್ತಿರುವುದರ ಫಲ. ಎರಡಕ್ಕೂ ಒಂದೇ ಪದ ಸಲ್ಲುತ್ತದೆಯೆ ಎಂಬುದು ನನ್ನ ಪ್ರಶ್ನೆ.

ಶಾಲೆಯ ಭೂಗೋಳದಲ್ಲಿ ಈ ಗೊಂದಲವಿಲ್ಲ. ಒಂದು ಸ್ಥಳದ ಇಂದು ನಾಳೆಯ ಮಳೆ, ಬಿಸಿಲು, ಗಾಳಿಗಳ ಸ್ಥಿತಿ ‘ಹವಾಮಾನ’. ದೀರ್ಘಕಾಲದ, ವಾಡಿಕೆಯಂತೆ 30 ವರ್ಷಗಳ, ಸರಾಸರಿ ‘ವಾಯುಗುಣ’. ತಮಿಳಿನಲ್ಲಿ ‘ವಾನಿಲೈ’, ‘ಕಾಲನಿಲೈ’ ಎಂದೂ ಹಿಂದಿಯಲ್ಲಿ ‘ಮೌಸಮ್’, ‘ಜಲವಾಯು’ ಎಂದೂ ಇದೇ ಭೇದವಿದೆ, ಅಲ್ಲಿನ ಪತ್ರಿಕೆಗಳೂ ಅದನ್ನು ಬಹುಮಟ್ಟಿಗೆ ಪಾಲಿಸುತ್ತವೆ. ನಮ್ಮ ಸುದ್ದಿಬರಹದಲ್ಲಿ ಮಾತ್ರ ‘ವಾಯುಗುಣ’ ಅಪರೂಪ.

‘ಹವಾಮಾನ ವೈಪರೀತ್ಯ’ ಇನ್ನಷ್ಟು ತೊಡಕಿನದು. ಮಂಜು ಕವಿದು ವಿಮಾನ ಬೇರೆಡೆ ಇಳಿದರೂ, ಅಕಾಲ ಮಳೆಗೆ ಒಣಗಲು ಹರಡಿದ ಕಾಫಿ ನೆನೆದರೂ, ಹಿಮನದಿಗಳು ಕರಗಿದರೂ ವರದಿಗಾರರಿಗೆ ಒದಗುವುದು ಅದೇ ಪದ. ವೈಪರೀತ್ಯವೆಂದರೆ ವಾಡಿಕೆ ತಪ್ಪಿದ್ದು, ಇಂದಲ್ಲ ನಾಳೆ ವಾಡಿಕೆಗೆ ಮರಳುವಂಥದ್ದು. ವಾಡಿಕೆಯೇ ಜಾಗ ಬಿಟ್ಟು ಸರಿಯುತ್ತಿದೆ ಎಂಬ ಮಾತನ್ನು ಅದು ಹೇಳಲಾರದು. ಈ ಪದವನ್ನೇ ವರ್ಷಗಟ್ಟಲೆ ಓದಿದ ರೈತರು ‘ಮುಂದಿನ ಸಲ ಸರಿಹೋದೀತು’ ಎಂದು ಕಾದರೆ ಅದು ಅವರ ತಪ್ಪಲ್ಲ.

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಂಥ ಸಂದರ್ಭಗಳಲ್ಲಿ ‘ವರುಣನ ಆರ್ಭಟ’, ‘ಪ್ರಕೃತಿಯ ಮುನಿಸು’ ಎಂಬ ಸಿದ್ಧ ಮಾತುಗಳು ಮುಂದೆ ಬರುತ್ತವೆ. ಪ್ರತಿ ಮಳೆಗೂ ವಾಯುಗುಣವೇ ಕಾರಣವೆಂದು ಬರೆಯಬೇಕೆಂದು ನಾನು ಹೇಳುತ್ತಿಲ್ಲ, ಹಾಗೆ ಬರೆಯುವುದೂ ತಪ್ಪು. ಆದರೆ ವಾಕ್ಯದ ಕರ್ತೃಸ್ಥಾನದಲ್ಲಿ ವರುಣನನ್ನು ಕೂರಿಸಿದರೆ ಇಳಿಜಾರು ಕಡಿದವರು ಯಾರು, ಅನುಮತಿ ಕೊಟ್ಟವರು ಯಾರು ಎಂಬ ಪ್ರಶ್ನೆಗೆ ಎಡೆಯೇ ಉಳಿಯುವುದಿಲ್ಲ.

2019ರಲ್ಲಿ ಬ್ರಿಟನ್ನಿನ ‘ದಿ ಗಾರ್ಡಿಯನ್’ ತನ್ನ ಶೈಲಿ ಕೈಪಿಡಿಯನ್ನು ತಿದ್ದಿ, ‘ಬದಲಾವಣೆ’ಗಿಂತ ‘ಬಿಕ್ಕಟ್ಟು’, ‘ತುರ್ತುಸ್ಥಿತಿ’ ಎಂಬರ್ಥದ ಪದಗಳು ಲೇಸೆಂದಿತು. ಕನ್ನಡದಲ್ಲಿ ಅದಕ್ಕೂ ಮುಂಚೆ ತಿದ್ದಬೇಕಾದದ್ದು ‘ಹವಾಮಾನ’ವನ್ನೇ ಎಂದು ನನಗನ್ನಿಸುತ್ತದೆ.

‘ವಾಯುಗುಣ’ವನ್ನು ವರದಿಗಳಲ್ಲಿ ಬಳಸಿ ನೋಡಿದವರಿದ್ದರೆ, ಓದುಗರಿಗೆ ಅದು ತೊಡಕಾಯಿತೆ ಎಂದು ತಿಳಿಸಬೇಕಾಗಿ ಕೋರುತ್ತೇನೆ. ಮಲೆನಾಡಿನ ಅಥವಾ ಬಯಲುಸೀಮೆಯ ಆಡುಮಾತಿನಲ್ಲಿ, ಒಂದು ವರ್ಷದ ಮಳೆಗಲ್ಲದೆ ಒಂದು ತಲೆಮಾರಿನ ಮಳೆಯ ರೂಢಿಗೇ ಸಲ್ಲುವ ಪದವಿದ್ದರೆ ಅದನ್ನೂ ದಯವಿಟ್ಟು ಬರೆಯಿರಿ.