ಹೊಸ ಕನ್ನಡಕ ಹಾಕಿದ್ರೆ ತಲೆ ಸುತ್ತು: ಅಭ್ಯಾಸಕ್ಕೆ ಕಾಯಬೇಕಾ?

ಪ್ರಶ್ನೆ: ಎರಡೂ ಕಣ್ಣಿಗೆ ಮೈನಸ್ 6. ಈ ಸಲ ಹೊಸದಾಗಿ ಸಿಲಿಂಡರ್ (ಒಂದೇ ದಿಕ್ಕಿನಲ್ಲಿ ಕೆಲಸ ಮಾಡೋ ಪವರ್) 1.25 ಸೇರಿದೆ. ಐದು ದಿನವಾಯ್ತು, ನೆಲ ವಾಲಿದಂತೆ ಕಾಣುತ್ತೆ, ಸಂಜೆಗೆ ಹುಬ್ಬಿನ ಮೇಲೆ ನೋವು. ಕಾಯಲಾ, ಅಂಗಡಿಗೆ ಹೋಗಲಾ?

ಉತ್ತರ 1: ನೆಲ ವಾಲೋದು ಹೊಸ ಸಿಲಿಂಡರಿಗೆ ಸಹಜ. ಒಂದೆರಡು ವಾರದಲ್ಲಿ ಮಿದುಳು ಹೊಂದಿಕೊಳ್ಳುತ್ತೆ. ಬೆಳಿಗ್ಗೆ ಎದ್ದ ಕೂಡಲೇ ಹಾಕಿ, ನಡುವೆ ಹಳೇದಕ್ಕೆ ಬದಲಾಯಿಸಬೇಡಿ. ಸುತ್ತು ನಿಲ್ಲೋವರೆಗೆ ಗಾಡಿ ಓಡಿಸಬೇಡಿ.

ಉತ್ತರ 2: ನೋವಿದೆ ಅಂದಮೇಲೆ ಬರೀ ಕಾಯೋದು ಸರಿಯಲ್ಲ. ಒಂದು ಕಣ್ಣು ಮುಚ್ಚಿ ನೋಡಿ. ಆಗ ಹಾಯೆನಿಸಿದರೆ ಪಿ.ಡಿ. ಮೇಲೆ, ಅಂದರೆ ಪಾಪೆಗಳ ನಡುವಿನ ಅಂತರದ ಮೇಲೆ ಅನುಮಾನ. ಮೈನಸ್ 6ರಲ್ಲಿ ಲೆನ್ಸ್ ಕೇಂದ್ರಗಳು ಒಟ್ಟು 4 ಮಿ.ಮೀ. ತಪ್ಪಿದರೆ 0.4 ಸೆಂ.ಮೀ. × 6 = 2.4 ಪ್ರಿಸಂ, ಅಂದರೆ ನೋಟ ಅಷ್ಟು ಪಕ್ಕಕ್ಕೆ ಬಾಗುತ್ತೆ! ಕಣ್ಣಿನ ಸ್ನಾಯು ದಿನವಿಡೀ ಅದನ್ನು ಎಳೆದು ಸರಿಪಡಿಸಬೇಕು. ಲೆನ್ಸ್‌ಮೀಟರಿನಲ್ಲಿ ಕೇಂದ್ರ, ಆಕ್ಸಿಸ್ (ಸಿಲಿಂಡರ್ ಕೂತಿರೋ ಕೋನ) ಎರಡನ್ನೂ ನಿಮ್ಮೆದುರೇ ಅಳೆಸಿ, ಚೀಟಿಯ ಜತೆ ತಾಳೆ ನೋಡಿ.

ಉತ್ತರ 3: ದುಂಡು ಫ್ರೇಮಾದರೆ ಲೆನ್ಸ್ ಒಳಗೇ ತಿರುಗಿರಬಹುದು, ಆಕ್ಸಿಸ್ ಕೆಡುತ್ತೆ. ಕನ್ನಡಕ ತೆಗೆದ ಮೇಲೂ ಸುತ್ತಿದರೆ ಅಥವಾ ಕಣ್ಣಲ್ಲಿ ಮಿಂಚು, ಪರದೆ ಬಿದ್ದಂತೆ ಕಂಡರೆ ಅಂಗಡಿಗಲ್ಲ, ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.