ಟ್ಯೂಬಿಂಗೆನ್‌ನಲ್ಲಿ ಎರಡು ತಿಂಗಳು: ಹೋಗಿ ಬಂದವರು ಸ್ವಲ್ಪ ಹೇಳ್ರಿ

ಕೇಳಿದ್ದು: ಧಾರವಾಡದ ಎಂ.ಎಸ್ಸಿ. ವಿದ್ಯಾರ್ಥಿನಿ

ನಮಸ್ಕಾರ್ರಿ. ನಾ ಬಯೋಕೆಮಿಸ್ಟ್ರಿ ಓದಾಕತ್ತೀನಿ. ಜೂನ್, ಜುಲೈ ಎರಡು ತಿಂಗಳು ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯಕ್ಕ ವಿನಿಮಯ ವಿದ್ಯಾರ್ಥಿ ಅಂತ ಹೊಂಟೀನಿ. ವಿಮಾನ ಹತ್ತೋದು ಇದೇ ಮೊದಲು. ಮನ್ಯಾಗ ಊಟದ್ದೇ ದೊಡ್ಡ ಚಿಂತಿ, ನಾವು ಶಾಕಾಹಾರಿಗಳು. ಗೆಳತ್ಯಾರು ‘ಎರಡು ತಿಂಗಳದಾಗ ಹತ್ತು ದೇಶ ನೋಡ್ಕೊಂಡು ಬಾ’ ಅಂತಾರ. ಅಲ್ಲಿನ ಪ್ರೊಫೆಸರಿಗೆ ಪೇಢಾ ಒಯ್ಯಬೇಕು ಅಂತ ಮಾಡೀನಿ. ವೀಸಾ, ರೊಕ್ಕ, ಊಟ, ತಿರುಗಾಟ, ಯಾವುದರ ಬಗ್ಗೆ ಗೊತ್ತಿದ್ರೂ ಹೇಳ್ರಿ.

ಮೈಸೂರಿನವನು, ಈಗ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ

ಮೊದಲು ವೀಸಾ. 90 ದಿನದ ಒಳಗಿನ ವಾಸ ಅಂದರೆ ಶೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ. ಶುಲ್ಕ 90 ಯೂರೊ. ಹೊರಡುವ ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು. ಬೇಸಿಗೆಗೆ ಎಲ್ಲರೂ ಒಟ್ಟಿಗೆ ಮುಗಿಬೀಳುತ್ತಾರೆ, ಏಪ್ರಿಲ್‌ವರೆಗೆ ಕಾಯಬೇಡಿ. ಪ್ರಯಾಣ ವಿಮೆ ಕನಿಷ್ಠ 30,000 ಯೂರೊ ವೈದ್ಯಕೀಯ ವೆಚ್ಚಕ್ಕೆ ಇರಬೇಕು, ಇಡೀ ಶೆಂಗೆನ್ ಪ್ರದೇಶಕ್ಕೆ ಅನ್ವಯಿಸಬೇಕು. ವೀಸಾ ಕೈಗೆ ಬಂದ ಕೂಡಲೇ ಸ್ಟಿಕರ್ ಮೇಲೆ ಎರಡು ವಿಷಯ ಬೇರೆ ಬೇರೆಯಾಗಿ ಓದಿ: ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಮತ್ತು ಒಟ್ಟು ಎಷ್ಟು ದಿನ. ತಾರೀಖು ಉದ್ದಕ್ಕಿದ್ದು ದಿನ ಕಡಿಮೆ ಇರಬಹುದು. ದಿನದ ಲೆಕ್ಕವೇ ಗಟ್ಟಿ. ಇಳಿದ ದಿನ, ಹೊರಟ ದಿನ ಎರಡೂ ಅದರಲ್ಲಿ ಸೇರುತ್ತವೆ.

ಓಡಾಟಕ್ಕೆ ‘ಡಾಯ್ಚ್‌ಲಾಂಡ್ ಟಿಕೆಟ್’ ಸಾಕು. 2026ರ ಜನವರಿಯಿಂದ ತಿಂಗಳಿಗೆ 63 ಯೂರೊ. ದೇಶದಾದ್ಯಂತ ಸಿಟಿ ಬಸ್ಸು, ಟ್ರಾಮು, ಪ್ರಾದೇಶಿಕ ರೈಲುಗಳಲ್ಲಿ ನಡೆಯುತ್ತದೆ, ಐಸಿಇ ತರಹದ ವೇಗದ ರೈಲಿನಲ್ಲಿ ನಡೆಯಲ್ಲ. ಒಂದು ಕೊಕ್ಕೆ ಇದೆ. ಇದು ಚಂದಾ. ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳಿಗೂ ಹಣ ಕಡಿತ. ಜುಲೈ ಕೊನೆಗೆ ವಾಪಸ್ಸು ಅಂದರೆ ಜುಲೈ 10ಕ್ಕೆ ಮೊಬೈಲ್‌ನಲ್ಲಿ ಅಲಾರಂ ಇಟ್ಟುಕೊಳ್ಳಿ. ಯುಪಿಐ ಮರೆತುಬಿಡಿ. ಫಾರೆಕ್ಸ್ ಕಾರ್ಡು (ವಿದೇಶಿ ಹಣ ತುಂಬಿಸಿ ಒಯ್ಯುವ ಕಾರ್ಡು) ಮುಖ್ಯ, ಆದರೂ ಕಿಸೆಯಲ್ಲಿ ಐವತ್ತು ಯೂರೊ ನಗದು ಸದಾ ಇರಲಿ. ನಗದು ಮಾತ್ರ ತಗೊಳ್ಳುವ ಬೇಕರಿ, ಹೋಟೆಲುಗಳು ಇನ್ನೂ ಇವೆ.

ಶಿವಮೊಗ್ಗದವಳು, ಅದೇ ವಿಶ್ವವಿದ್ಯಾಲಯದಲ್ಲಿ ಬೇಸಿಗೆ ಕಳೆದವಳು

ಬಯೋಕೆಮಿಸ್ಟ್ರಿ ಅಂದರೆ ನಿಮ್ಮ ಲ್ಯಾಬ್ ಬಹುಶಃ ಮಾರ್ಗೆನ್‌ಸ್ಟೆಲ್ಲೆ ಗುಡ್ಡದ ಮೇಲೆ. ಹಾಸ್ಟೆಲ್ ಬಹುಮಟ್ಟಿಗೆ ವಾಲ್ಡ್‌ಹೊಯ್ಸರ್ ಓಸ್ಟ್‌ನಲ್ಲಿ ಸಿಗುತ್ತೆ, ಅದೂ ಗುಡ್ಡವೇ. ಊರು ಕೆಳಗೆ ನೆಕ್ಕರ್ ನದಿ ದಂಡೆಯಲ್ಲಿ. ಹಾಗಾಗಿ ಹತ್ತಿ ಇಳಿಯೋದಕ್ಕೆ ಒಳ್ಳೇ ಶೂ ಬೇಕು. ರೂಮಿನಲ್ಲಿ ಹಾಸಿಗೆ ಇದ್ದರೂ ದಿಂಬು, ಹೊದಿಕೆ ಇರುತ್ತಾ ಅಂತ ಈಗಲೇ ಇಮೇಲ್ ಮಾಡಿ ಕೇಳಿ. ಯಾಕಂದ್ರೆ ಭಾನುವಾರ ಬಂದಿಳಿದರೆ ಕೊಳ್ಳೋಕೆ ಅಂಗಡಿ ತೆರೆದಿರಲ್ಲ. ಭಾನುವಾರ, ಸರ್ಕಾರಿ ರಜೆ, ಎರಡೂ ದಿನ ಸೂಪರ್‌ಮಾರ್ಕೆಟ್ ಬಂದ್. ಜೂನ್ ಸುಮಾರಿಗೆ ಹಬ್ಬದ ರಜೆಗಳೂ ಒಂದರ ಹಿಂದೆ ಒಂದು ಬರ್ತವೆ. ಫ್ಯಾನ್ ಇರಲ್ಲ, ಎ.ಸಿ. ಕೇಳಲೇಬೇಡಿ. ಜುಲೈ ಸೆಕೆಗೆ ಹಗಲು ಕಿಟಕಿಯ ಶಟರ್ ಪೂರ್ತಿ ಇಳಿಸಿ, ರಾತ್ರಿ ತೆರೆದಿಡಿ. ಜೂನ್‌ನಲ್ಲಿ ಮಳೆ ಬಂದು ಸ್ವೆಟರ್ ಹುಡುಕುವ ದಿನವೂ ಉಂಟು.

ಸಮಯದ ವಿಷಯದಲ್ಲಿ ಒಂದು ತಮಾಷೆ. ಟೈಮ್‌ಟೇಬಲ್‌ನಲ್ಲಿ ‘10 ಸಿ.ಟಿ.’ ಅಂತಿದ್ದರೆ ಕ್ಲಾಸು ಶುರುವಾಗೋದು 10.15ಕ್ಕೆ. ‘ಎಸ್.ಟಿ.’ ಅಂತಿದ್ದರೆ ಸರಿಯಾಗಿ ಹತ್ತಕ್ಕೆ. ಲ್ಯಾಬ್ ಮೀಟಿಂಗಿಗೆ ಮಾತ್ರ ಈ ಕಾಲು ಗಂಟೆಯ ರಿಯಾಯಿತಿ ಇದೆ ಅಂದ್ಕೋಬೇಡಿ.

ಊಟ: ಮಾರ್ಗೆನ್‌ಸ್ಟೆಲ್ಲೆಯಲ್ಲೇ ಮೆನ್ಸಾ, ಅಂದರೆ ಕ್ಯಾಂಟೀನ್ ಇದೆ. ಸಸ್ಯಾಹಾರಿ ತಟ್ಟೆ ಸಿಗುತ್ತೆ. ವಿದ್ಯಾರ್ಥಿ ಕಾರ್ಡ್ ಸಿಗೋವರೆಗೆ ಅತಿಥಿ ದರ ಕೊಡಬೇಕು, ಅದಕ್ಕೇ ಮೊದಲ ದಿನವೇ ಕಾರ್ಡಿನ ಹಿಂದೆ ಬೀಳಿ. ಅಲ್ಲಿನವರದು ಸ್ವಾಬಿಯನ್ ಅಡುಗೆ. ಅದರಲ್ಲಿ ಬೇಳೆ ಇದೆ ಅಂದರೆ ನಂಬ್ತೀರಾ? ಲಿನ್ಸೆನ್ ಮಿಟ್ ಶ್ಪೆಟ್ಸ್‌ಲೆ ಅಂತ, ಬೇಯಿಸಿದ ಮಸೂರದ ಜೊತೆ ಮೊಟ್ಟೆ-ಹಿಟ್ಟಿನ ಶಾವಿಗೆಯಂಥದ್ದು. ಪಕ್ಕದಲ್ಲಿ ಸಾಸೇಜ್ ಇಟ್ಟಿರ್ತಾರೆ. ಅದನ್ನ ಬೇಡ ಅಂದರೂ ಬೇಳೆಯೊಳಗೇ ಹಂದಿಮಾಂಸದ ಚೂರು ಇರಬಹುದು, ಕೇಳಿಯೇ ತಿನ್ನಿ. ಮೊಟ್ಟೆ ತಿನ್ನೋರಾದರೆ ಚೀಸ್ ಹಾಕಿದ ಕೇಜ್‌ಶ್ಪೆಟ್ಸ್‌ಲೆ ತಿನ್ನಬಹುದು. ಅಡುಗೆ ಮಾಡ್ಕೊಳ್ಳೋಕೆ ಟರ್ಕಿಯವರ ಅಂಗಡಿಗೆ ಹೋಗಿ: ಬೇಳೆ, ಕಡಲೆ, ಹಸಿಮೆಣಸಿನಕಾಯಿ ಎಲ್ಲಾ ಅಲ್ಲಿ.

ಕಾಫಿ ಕುಡಿಯೋರಾದರೆ ಒಂದು ಸ್ಟೀಲ್ ಲೋಟ ಬ್ಯಾಗಿನಲ್ಲಿರಲಿ. ಈ ಊರಲ್ಲಿ 2022ರಿಂದ ಬಿಸಾಡುವ ಕಪ್ಪಿಗೆ 50 ಸೆಂಟ್ ತೆರಿಗೆ. ತೆರಿಗೆ ಕಟ್ಟೋದು ಅಂಗಡಿಯವರು, ಆದರೆ ಕೊನೆಗೆ ಅದು ಬೀಳೋದು ನಮ್ಮ ಬಿಲ್ಲಿಗೇ. ಇದು ಸಂವಿಧಾನ ನ್ಯಾಯಾಲಯದವರೆಗೂ ಹೋಗಿ, 2025ರಲ್ಲಿ ಊರಿನ ಪರ ತೀರ್ಪು ಬಂತು. ಪ್ಲಾಸ್ಟಿಕ್ ಬಾಟಲಿ ಎಸೀಬೇಡಿ. ಸೂಪರ್‌ಮಾರ್ಕೆಟ್ಟಿನ ಯಂತ್ರದ ಬಾಯಿಗೆ ಹಾಕಿದರೆ ಒಂದಕ್ಕೆ 25 ಸೆಂಟ್ ವಾಪಸ್. ಅದು ನೀವೇ ಮೊದಲು ಕೊಟ್ಟಿರೋ ಠೇವಣಿ, ಬಹುಮಾನ ಅಲ್ಲ! ನಲ್ಲಿ ನೀರು ಧಾರಾಳವಾಗಿ ಕುಡೀಬಹುದು.

ಈಗ ನಿಮ್ಮ ವಿಷಯಕ್ಕೆ ನೇರ ಸಂಬಂಧಪಟ್ಟ ಜಾಗ. ಗುಡ್ಡದ ಮೇಲಿನ ಹೋಹೆನ್‌ಟ್ಯೂಬಿಂಗೆನ್ ಕೋಟೆಯ ಹಳೇ ಅಡುಗೆಮನೆ ಒಂದು ಕಾಲಕ್ಕೆ ಪ್ರಯೋಗಾಲಯ ಆಗಿತ್ತು. 1869ರಲ್ಲಿ ಫ್ರೀಡ್ರಿಶ್ ಮೀಶರ್ ಅನ್ನೋ ವಿಜ್ಞಾನಿ ಅಲ್ಲೇ, ಆಸ್ಪತ್ರೆಯಿಂದ ತಂದ ಬ್ಯಾಂಡೇಜಿನ ಕೀವಿನಿಂದ ‘ನ್ಯೂಕ್ಲಿನ್’ ಬೇರ್ಪಡಿಸಿದ್ದು. ನಾವು ಪರೀಕ್ಷೆಯಲ್ಲಿ ಬರೆಯೋ ಡಿಎನ್‌ಎ ಕಥೆ ಶುರುವಾಗೋದು ಅಲ್ಲಿಂದ. ಕಮಾನಿನ ಕೆಳಗೆ ನಿಂತು ನೋಡಿದರೆ, ಇಷ್ಟು ಸಣ್ಣ ಜಾಗದಲ್ಲಾ ಅನ್ಸುತ್ತೆ.

ಕಾರ್ಪಸ್ ಕ್ರಿಸ್ಟಿ ಅನ್ನೋ ಕ್ರೈಸ್ತರ ಹಬ್ಬ ಗುರುವಾರ ಬರುತ್ತೆ, ಸಾಮಾನ್ಯವಾಗಿ ಜೂನ್‌ನಲ್ಲಿ. ಆ ದಿನ ನೆಕ್ಕರ್‌ನಲ್ಲಿ ಉದ್ದ ಗಳು ಊರಿ ನಡೆಸೋ ಚಪ್ಪಟೆ ದೋಣಿಗಳ ರೇಸ್. ವಿದ್ಯಾರ್ಥಿಗಳು ವೇಷ ಹಾಕ್ಕೊಂಡು ಬರ್ತಾರೆ, ಸೇತುವೆ ಹತ್ರ ದೋಣಿಗೆ ದೋಣಿ ಸಿಕ್ಕಿಹಾಕ್ಕೊಂಡು ಗಲಾಟೆಯೋ ಗಲಾಟೆ. ಕೊನೆಗೆ ಬಂದ ತಂಡ ತಲಾ ಅರ್ಧ ಲೀಟರ್ ಮೀನೆಣ್ಣೆ ಕುಡೀಬೇಕು, ಎಲ್ಲರ ಮುಂದೆ. ಆ ವಾರ ಮಾತ್ರ ಊರು ಬಿಟ್ಟು ಎಲ್ಲಿಗೂ ಹೋಗಬೇಡಿ.

ಉಡುಪಿಯ ತಾಯಿ, ಮಗ ಜರ್ಮನಿಗೆ ಹೋಗಿ ಬಂದಿದ್ದಾನೆ

ಪೇಢಾ ಬೇಡ ಮಗಾ. ಹೊರದೇಶದಿಂದ ಹೋಗುವವರು ಹಾಲಿನ ಪದಾರ್ಥ, ಮಾಂಸ ಯುರೋಪಿಯನ್ ಯೂನಿಯನ್ ಒಳಗೆ ತಗೊಂಡು ಹೋಗುವ ಹಾಗಿಲ್ಲ. ತುಪ್ಪವೂ ಇಲ್ಲ. ಹಸಿ ಕರಿಬೇವಿಗೂ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು, ಬಿಟ್ಟುಬಿಡು. ಚಟ್ನಿಪುಡಿ, ಸಾರಿನ ಪುಡಿ, ಅವಲಕ್ಕಿ ಧಾರಾಳ. ಪ್ರೊಫೆಸರಿಗೆ ಇಳಕಲ್ ಬಟ್ಟೆಯದ್ದು, ಕಸೂತಿಯದ್ದು ಏನಾದರೂ ಸಣ್ಣದು ಕೊಡು, ನಿಮ್ಮ ಕಡೆಯದ್ದೇ ಆಯಿತಲ್ಲ. ನಮ್ಮಲ್ಲಿಯ ದಪ್ಪ ಮೂರು ಪಿನ್ನಿನ ಪ್ಲಗ್ಗು ಅಲ್ಲಿ ಕೂರುವುದಿಲ್ಲ, ಅಡಾಪ್ಟರ್ ಬೇಕು. ಮಾತ್ರೆಗಳನ್ನು ಡಾಕ್ಟರ ಚೀಟಿ ಸಮೇತ ಇಲ್ಲಿಂದಲೇ ಒಯ್ಯಿ. ಅಲ್ಲಿ ಆಂಟಿಬಯಾಟಿಕ್ ಕೇಳಿದ ಕೂಡಲೇ ಕೊಡುವುದಿಲ್ಲ. ತುರ್ತಿಗೆ 112. ರಾತ್ರಿ ಜ್ವರ ಬಂತು, ಆದರೆ ಆಂಬ್ಯುಲೆನ್ಸ್ ಬೇಕಾಗುವಷ್ಟಲ್ಲ ಅಂದರೆ 116117.

ಮಂಗಳೂರಿನವನು

ಹತ್ತು ದೇಶ ಅನ್ನುವವರ ಮಾತು ಕಿವಿಗೆ ಹಾಕ್ಕೊಳ್ಳಬೇಡಿ, ರೈಲು ನಿಲ್ದಾಣ ಬಿಟ್ಟು ಏನೂ ನೆನಪಿರೋದಿಲ್ಲ. ಆದರೆ ಶಿವಮೊಗ್ಗದವರ ಹಾಗೆ ಊರಿಗೇ ಅಂಟಿಕೊಂಡು ಕೂರೋದೂ ನನಗೆ ಒಪ್ಪಿಗೆ ಇಲ್ಲ. ವಾರಾಂತ್ಯಕ್ಕೆ ಒಂದು ಜಾಗ ಸಾಕು. ಉಲ್ಮ್‌ಗೆ ಹೋಗಿ, ಅಲ್ಲಿನ ಚರ್ಚಿನ ಗೋಪುರ 161.5 ಮೀಟರ್. ಹೆಖಿಂಗೆನ್ ಹತ್ರ ಬೆಟ್ಟದ ಮೇಲೆ ಹೋಹೆನ್‌ತ್ಸೋಲರ್ನ್ ಕೋಟೆ ಇದೆ. ವಿದೇಶ ಬೇಕೇ ಬೇಕು ಅಂದರೆ ಗಡಿಯ ಊರು ಕೇಲ್ ತನಕ ಅದೇ ಡಾಯ್ಚ್‌ಲಾಂಡ್ ಟಿಕೆಟ್‌ನಲ್ಲಿ ಹೋಗಿ, ಅಲ್ಲಿಂದ ಟ್ರಾಮ್ ರೈನ್ ನದಿ ದಾಟಿ ನಿಮ್ಮನ್ನು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಇಳಿಸುತ್ತೆ. ಪಾಸ್‌ಪೋರ್ಟ್ ಮರೀಬೇಡಿ. ಪ್ರಾದೇಶಿಕ ರೈಲು ತಡವಾಗೋದು ಮಾಮೂಲು, ರಾತ್ರಿಯ ಕೊನೇ ರೈಲನ್ನೇ ನಂಬಿ ಹೊರಡಬೇಡಿ.

ಧಾರವಾಡದ ನಿವೃತ್ತ ಉಪನ್ಯಾಸಕ

ನಿಮ್ಮ ಊರಾಗ ಕಿಟೆಲ್ ಕಾಲೇಜ್ ಐತಲ್ಲ, ಆ ಕಿಟೆಲ್ ಸಾಹೇಬ್ರಿಗೆ 1896ರಾಗ ಗೌರವ ಡಾಕ್ಟರೇಟ್ ಕೊಟ್ಟಿದ್ದು ಇದೇ ಟ್ಯೂಬಿಂಗೆನ್ ವಿಶ್ವವಿದ್ಯಾಲಯ. ನಿಘಂಟು ಅಚ್ಚಾಗಿದ್ದು 1894ರಾಗ, ಮಂಗಳೂರಾಗ. 1903ರಾಗ ಅವರು ತೀರಿಕೊಂಡಿದ್ದು ಟ್ಯೂಬಿಂಗೆನ್‌ನಾಗ. ‘ಮಂಗಳೂರ ಸಮಾಚಾರ’ ತಂದ ಮೋಗ್ಲಿಂಗ್ ಓದಿದ್ದೂ ಅಲ್ಲೇ. ಯಾರಾದ್ರೂ ‘ಕನ್ನಡ ಅಂದ್ರ ಯಾವ ಭಾಷಾ’ ಅಂತ ಕೇಳಿದ್ರ ನಾಚಬ್ಯಾಡ, ನಿಮ್ಮೂರಿಗೇ ಗೊತ್ತಿರೋ ಭಾಷಾ ಅಂತ ಹೇಳು.

ಶಿವಮೊಗ್ಗದವಳು, ಮತ್ತೆ

ಒಂದು ಬಿಟ್ಟುಹೋಯ್ತು. ನಿಮ್ಮ ಕಾಲೇಜು ಕ್ರೆಡಿಟ್ ಕೊಡುತ್ತೆ ಅಂತಾದರೆ ಎಷ್ಟು ಗಂಟೆ, ಯಾವ ವಿಷಯ, ಯಾರ ಸಹಿ ಅನ್ನೋ ಒಪ್ಪಂದದ ಕಾಗದ ಹೊರಡೋ ಮೊದಲೇ ಎರಡೂ ಕಡೆಯಿಂದ ಮಾಡಿಸ್ಕೊಳ್ಳಿ. ಜುಲೈ ಕೊನೆಗೆ ಸೆಮಿಸ್ಟರ್ ಮುಗಿದು ಪ್ರೊಫೆಸರುಗಳು ರಜೆ ಮೇಲೆ ಹೊರಟುಬಿಡ್ತಾರೆ. ಸರ್ಟಿಫಿಕೇಟಿಗೆ ಸಹಿಯನ್ನ ಜುಲೈ ಮಧ್ಯದಲ್ಲೇ ಕೇಳಿ ಇಟ್ಕೊಳ್ಳಿ. ಹಾಸ್ಟೆಲ್ ಕೀ ವಾಪಸ್ ಕೊಡೋಕೆ ಮೊದಲೇ ಅಪಾಯಿಂಟ್‌ಮೆಂಟ್ ಬೇಕಾ ಅಂತಲೂ ವಿಚಾರಿಸಿ. ಬೆಳಗಿನ ಜಾವದ ವಿಮಾನ ಇದ್ದರೆ ಹಿಂದಿನ ದಿನವೇ ಆ ಕೆಲಸ ಮುಗಿಸಬೇಕಾಗುತ್ತೆ.