ಎಸ್ಸೆಸ್ಸೆಲ್ಸಿ ಮುಗಿಸಿದ ಮಗನನ್ನ ಐಟಿಐಗೆ ಸೇರಿಸೋದಾ, ಬೆಂಗಳೂರಿಗೆ ಕೆಲಸ ಕಲಿಯೋಕೆ ಕಳಿಸೋದಾ?

ಕೇಳಿದವರು: ಹೊಸನಗರ ತಾಲೂಕಿನ ಒಬ್ಬ ತಾಯಿ
ಒಂದೂವರೆ ಎಕರೆ ಅಡಿಕೆ ತೋಟ ನಮ್ಮದು. ಮಗ ಈ ಸಲ ಎಸ್ಸೆಸ್ಸೆಲ್ಸಿ ಪಾಸಾದ, 58 ಪರ್ಸೆಂಟ್. ಪಿಯುಸಿ ಬೇಡ ಅಂತ ಹಟ. ಮೋಟಾರ್ ಬಿಚ್ಚೋದು, ಕಳೆ ಹೊಡೆಯೋ ಮಷೀನ್ ರಿಪೇರಿ ಅಂದ್ರೆ ಊಟ ತಿಂಡಿ ಮರೀತಾನೆ. ಶಿವಮೊಗ್ಗದಲ್ಲಿ ಐಟಿಐಗೆ ಸೇರಿಸ್ಲಾ, ಜಿಟಿಟಿಸಿ ಅನ್ನೋ ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರಕ್ಕಾ? ಬೆಂಗಳೂರಲ್ಲಿ ನನ್ನ ತಮ್ಮನಿಗೆ ಗೊತ್ತಿರೋರ ವರ್ಕ್‌ಶಾಪ್ ಇದೆ, ಅಲ್ಲಿಗೇ ಬಿಡು ಅಂತಾನೆ ಅವನು. ಅನುಭವ ಇದ್ದೋರು ಹೇಳಿ.

ಭದ್ರಾವತಿಯ ಫಿಟ್ಟರ್
ಅಕ್ಕಾ, ಕಟ್ಟಡ ನೋಡಿ ಮರುಳಾಗ್ಬೇಡಿ. ನಾನು ಸೇರಿದ್ದು ಒಂದು ಖಾಸಗಿ ಐಟಿಐ, ಹೆಸರು ಬೇಡ. ಗೇಟು ಭರ್ಜರಿ. ಒಳಗೆ ಇದ್ದದ್ದು ಕಬ್ಬಿಣ ತಿರುಗಿಸಿ ಕೆತ್ತೋ ಮಷೀನ್, ಲೇತ್ ಅಂತಾರಲ್ಲ, ಎರಡೇ, ಅದರಲ್ಲಿ ಒಂದು ಇನ್ಸ್‌ಪೆಕ್ಷನ್ ದಿನ ಮಾತ್ರ ತಿರುಗೋದು. ಎರಡು ವರ್ಷ ಮುಗಿಸಿ ಮಾಚೇನಹಳ್ಳಿ ಕಡೆ ಒಂದು ಫೌಂಡ್ರಿಗೆ ಹೋದ್ರೆ, ಮೊದಲ ದಿನವೇ ವರ್ನಿಯರ್ ಕೈಗಿಟ್ಟು ಅಳತೆ ಹೇಳು ಅಂದ್ರು. ನಾನು ಬರೀ ಬೆವರಿದ್ದು. ಉಕ್ಕಿನ ಕಾರ್ಖಾನೆ ವಿಐಎಸ್ಎಲ್‌ನಲ್ಲಿ ಕೆಲಸ ಕಲಿತು ರಿಟೈರಾಗಿದ್ದ ಒಬ್ಬ ಹಿರಿಯರು ಅಲ್ಲಿದ್ರು, ಆರು ತಿಂಗಳು ಬೈದು ಬೈದು ತಿದ್ದಿದ್ರು. ನನ್ನ ಪಾಲಿಗೆ ಅದೇ ಐಟಿಐ.

ಅದಕ್ಕೇ ಹೇಳೋದು, ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ, ಮೊದಲೇ ಫೋನ್ ಮಾಡದೆ ಹೋಗಿ. ಲೇತ್ ಕೆಳಗೆ ಸುರುಳಿ ಸುರುಳಿ ಕಬ್ಬಿಣದ ಚೂರು ಬಿದ್ದಿದೆಯಾ? ಹುಡುಗ್ರ ಕೈ ಕಪ್ಪಾಗಿದೆಯಾ? ಕಬ್ಬಿಣ ಬಿಗಿದು ಹಿಡಿಯೋ ವೈಸ್ ಎಷ್ಟು, ಹುಡುಗ್ರು ಎಷ್ಟು, ಎಣಿಸಿ. ಆಮೇಲೆ ಆಫೀಸಿಗೆ ಹೋಗಿ ಕೇಂದ್ರ ಸರ್ಕಾರದ ಮಾನ್ಯತೆ (ಎನ್‌ಸಿವಿಟಿ ಅಂತಿದ್ರು) ಇದೆಯಾ ಕೇಳಿ. ಸಂಸ್ಥೆಗೆ ಇದೆ ಅಂದ್ರೆ ಸಾಲದು, ಮಗ ಸೇರೋ ಟ್ರೇಡಿಗೇ, ಅಂದ್ರೆ ಅವನು ಕಲಿಯೋ ಕಸುಬಿನ ವಿಭಾಗಕ್ಕೇ ಇರಬೇಕು.

ನಿಮ್ಮ ಹುಡುಗನಿಗೆ ಎಲೆಕ್ಟ್ರಿಷಿಯನ್ ಟ್ರೇಡ್ ಸರಿ ಅನ್ಸುತ್ತೆ, ಎರಡು ವರ್ಷ, ಮೋಟಾರ್ ವೈಂಡಿಂಗೂ ಪಾಠದಲ್ಲೇ ಬರುತ್ತೆ. ವೆಲ್ಡರ್ ಒಂದೇ ವರ್ಷ. ಎರಡು ವರ್ಷದ ಟ್ರೇಡ್ ಮಾಡಿದ್ರೆ ಮುಂದೆ ಓದೋ ಮನಸ್ಸಾದಾಗ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಬಹುದು.

ಹೊಸೂರಿನಲ್ಲಿರುವ ಶಿವಮೊಗ್ಗದವನು
ಜಿಟಿಟಿಸಿಯನ್ನ ಐಟಿಐ ಜೊತೆ ಒಂದೇ ತಕ್ಕಡಿಲಿ ತೂಗಬೇಡಿ. ಟೂಲ್ ಅಂಡ್ ಡೈ ಡಿಪ್ಲೊಮಾ ಅಂದ್ರೆ ಮೂರು ವರ್ಷ ಓದು, ಮೇಲೆ ಒಂದು ವರ್ಷ ಫ್ಯಾಕ್ಟರೀಲಿ ತರಬೇತಿ. ಬಾಟಲಿ ಮುಚ್ಚಳದಿಂದ ಕಾರಿನ ಬಾಗಿಲವರೆಗೆ ಅಚ್ಚಲ್ಲಿ ಒತ್ತಿ ತೆಗಿಯೋ ವಸ್ತು ಇದಾವಲ್ಲ, ಆ ಅಚ್ಚು ಮಾಡೋ ವಿದ್ಯೆ ಅದು. ಲೆಕ್ಕವೆಲ್ಲ ಮೈಕ್ರಾನಲ್ಲಿ, ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಶುರುವಲ್ಲಿ ನನ್ನ ಕೈಗೆ ಒಂದು ಕಬ್ಬಿಣದ ತುಂಡು, ಒಂದು ಅರ ಕೊಟ್ಟರು. ಮೂಲೆಮಟ್ಟ ಇಟ್ಟು ದೀಪಕ್ಕೆ ಹಿಡಿದ್ರೆ ಸಂದಿಯಲ್ಲಿ ಬೆಳಕು ತೂರಬಾರದು, ಅಲ್ಲೀವರೆಗೂ ಉಜ್ಜೋದು. ಅಂಗೈಯಲ್ಲಿ ಬೊಬ್ಬೆ. ಮೂರು ಜನ ಆ ಅರಕ್ಕೇ ಹೆದರಿ ಬಿಟ್ಟು ಹೋದ್ರು.

ಗಣಿತ, ಡ್ರಾಯಿಂಗ್ ಅಂದ್ರೆ ಓಡೋ ಹುಡುಗನಿಗೆ ಬೇಡ. ಇನ್ನೊಂದು ಮಾತು, ಈ ವಿದ್ಯೆ ಕಲಿತೋನಿಗೆ ಕೆಲಸ ಇರೋದು ಬೆಂಗಳೂರು, ಹೊಸೂರು, ಪುಣೆ. ತೋಟ ನೋಡ್ಕೋತಾನೆ ಅನ್ನೋ ಆಸೆ ಇದ್ರೆ ಈಗ್ಲೇ ಯೋಚಿಸಿ.

ತರೀಕೆರೆಯಿಂದ
ಪಿಯುಸಿ ಮಾಡಿಸಿಬಿಡಿ, ಆಮೇಲೆ ನೋಡಿದ್ರಾಯ್ತು.

ಸಾಗರದ ಒಬ್ಬ ತಾಯಿ
ಇದೇ ಮಾತು ಕೇಳಿ ನಾನು ಮಗನ ಎರಡು ವರ್ಷ ಹಾಳು ಮಾಡಿದೆ. ಸೈನ್ಸ್ ತಗೊಂಡ, ಫೇಲಾದ, ಮುಖ ಎತ್ತಿ ಮಾತಾಡೋದು ಬಿಟ್ಟ. ಐಟಿಐ ಸೇರಿದ ಮೇಲೆ ಮನುಷ್ಯನಾದ.

ಆದ್ರೆ ದಿನಾ ಬಸ್ಸಲ್ಲಿ ಓಡಾಡಿಸ್ತೀನಿ ಅನ್ನೋದು ಬೇಡ ತಂಗಿ. ಜುಲೈ ಮಳೇಲಿ ಆರು ಗಂಟೆ ಬಸ್ಸಿಗೆ ಐದಕ್ಕೆ ಎದ್ದು, ಒದ್ದೆ ಬಟ್ಟೇಲಿ ಹೋಗಿ ಮಷೀನ್ ಮುಂದೆ ನಿಲ್ಲಬೇಕು. ನಿದ್ದೆಗಣ್ಣಲ್ಲಿ ನನ್ನ ಮಗ ಬೆರಳು ಕುಯ್ಕೊಂಡ, ನಾಕು ಹೊಲಿಗೆ. ಹಾಜರಿ 80 ಪರ್ಸೆಂಟ್ ಇಲ್ಲದಿದ್ರೆ ಪರೀಕ್ಷೆಗೆ ಕೂರಿಸಲ್ಲ. ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್ ಇದಾವೆ, ಅದಕ್ಕೆ ಅರ್ಜಿ ಬೇರೆ. ಐಟಿಐ ಸೀಟು ಸಿಗಲಿ ಅಂತ ಕಾಯ್ತಾ ಕೂತು ನಾವು ಹಾಸ್ಟೆಲ್ ತಪ್ಪಿಸ್ಕೊಂಡ್ವಿ. ಜಾತಿ, ಆದಾಯ ಪತ್ರ ಈಗ್ಲೇ ಮಾಡಿಸಿಡಿ.

ಪೀಣ್ಯದಿಂದ
ನಾನು ನಿಮ್ಮ ತಮ್ಮ ಹೇಳಿದ ದಾರೀಲೇ ಬಂದೋನು. ಹದಿನಾರಕ್ಕೆ ವರ್ಕ್‌ಶಾಪ್ ಸೇರಿದೆ. ಕೆಲಸ ಚೆನ್ನಾಗಿ ಬಂತು, ಸುಳ್ಳು ಹೇಳಲ್ಲ. ಮೊದಲ ವರ್ಷ ಮಾತ್ರ ಟೀ ತರೋದು, ಕಸ ಗುಡಿಸೋದು. ಒಂಬತ್ತು ವರ್ಷ ಆದ್ಮೇಲೆ ದೊಡ್ಡ ಕಂಪನೀಲಿ ಇಂಟರ್‌ವ್ಯೂಗೆ ಹೋದೆ. ಮಷೀನ್ ಓಡಿಸಿ ತೋರಿಸ್ದೆ, ಖುಷಿಪಟ್ರು, ಸರ್ಟಿಫಿಕೇಟ್ ಎಲ್ಲಿ ಅಂದ್ರು. ಅಲ್ಲಿಗೆ ಮುಗೀತು.

ಅಪ್ರೆಂಟಿಸ್ ಅಂತ ಬಾಯಲ್ಲಿ ಹೇಳಿದ್ರೆ ಆಗಲ್ಲ. 1961ರ ಅಪ್ರೆಂಟಿಸ್ ಕಾಯಿದೆ ಪ್ರಕಾರ ಒಪ್ಪಂದ ಆಗಿ, ಸರ್ಕಾರದ ಪೋರ್ಟಲಲ್ಲಿ ನೋಂದಣಿ ಆಗಬೇಕು. ಸ್ಟೈಪೆಂಡ್ ಕೊಡಲೇಬೇಕು. 2019ರ ನಿಯಮದಲ್ಲೇ ಹತ್ತನೇ ಕ್ಲಾಸ್ ಆದೋರಿಗೆ ತಿಂಗಳಿಗೆ ಕನಿಷ್ಠ 6,000, ಐಟಿಐ ಆದೋರಿಗೆ 7,000 ರೂಪಾಯಿ ಇತ್ತು. ತಮ್ಮನ ಹತ್ರ ಒಂದೇ ಪ್ರಶ್ನೆ ಕೇಳಿ: ಒಪ್ಪಂದ ಮಾಡ್ತಾರಾ? "ನಮ್ಮೋರೇ ಅಲ್ವಾ" ಅಂದ್ರೆ ಬೇಡ. ಐಟಿಐ ಮುಗಿಸಿ ಅಪ್ರೆಂಟಿಸ್ ಆಗಿ ಬರಲಿ, ಆಗ ಬೆಂಗಳೂರಿಗೂ ಅವನು ಬೇಕಾಗ್ತಾನೆ.

ತೀರ್ಥಹಳ್ಳಿ, ವೈಂಡಿಂಗ್ ಅಂಗಡಿ
ಊರು ಬಿಡಲೇಬೇಕು ಅಂತ ಯಾರು ಹೇಳಿದ್ದು ಮಾರಾಯ್ರೆ? ತೋಟಕ್ಕೆ ನೀರು ಹೊಡೆಯೋ ಸೀಸನಲ್ಲಿ ವೋಲ್ಟೇಜ್ ಬೀಳುತ್ತೆ, ಪಂಪ್‌ಸೆಟ್ ಮೋಟಾರ್ ಎಳೀಲಾರದೆ ಬಿಸಿಯಾಗಿ ಸುಡುತ್ತೆ, ಸೀದಾ ನನ್ನ ಅಂಗಡಿಗೆ ಬರುತ್ತೆ. ಅದಕ್ಕಿಂತ ಮುಂಚೆ ಕೊಯ್ಲಲ್ಲಿ ಅಡಿಕೆ ಸುಲಿಯೋ ಮಷೀನಿನ ರಿಪೇರಿ. ಮಳೆಗಾಲ ಮಾತ್ರ ಸ್ವಲ್ಪ ಸಪ್ಪೆ. ನಾನೂ ಎಲೆಕ್ಟ್ರಿಷಿಯನ್ ಐಟಿಐನೇ. ಆ ಕಾಗದ ಇದ್ದದ್ದಕ್ಕೆ ಲೈಸೆನ್ಸ್ ದಾರಿ ಸುಲಭವಾಯ್ತು, ಈಗ ಮನೆ ವೈರಿಂಗ್ ಕಂಟ್ರಾಕ್ಟೂ ಹಿಡೀತೀನಿ. ರಜೇಲಿ ಹುಡುಗನ್ನ ಹದಿನೈದು ದಿನ ನನ್ನ ಅಂಗಡೀಲಿ ಕೂರಿಸಿ ನೋಡಿ. ತಾಮ್ರದ ತಂತಿ ಸುತ್ತುತಾ ಸುತ್ತುತಾ ಎಣಿಕೆ ತಪ್ಪದೆ ಕೂರೋ ತಾಳ್ಮೆ ಇದೆಯಾ ಇಲ್ವಾ ಅಷ್ಟರಲ್ಲಿ ಗೊತ್ತಾಗುತ್ತೆ.

ಕೇಳಿದವರು
ಎಲ್ಲರಿಗೂ ನಮಸ್ಕಾರ. ತಮ್ಮನಿಗೆ ಫೋನ್ ಮಾಡಿ ಒಪ್ಪಂದದ ಮಾತು ಕೇಳಿದೆ, "ಅದೆಲ್ಲ ಎಂತಕ್ಕೆ ಅಕ್ಕ" ಅಂದ. ಹಾಗಾಗಿ ಬೆಂಗಳೂರು ಸದ್ಯಕ್ಕಿಲ್ಲ. ಆದಾಯ ಪತ್ರಕ್ಕೆ ಇವತ್ತೇ ನಾಡಕಚೇರೀಲಿ ಅರ್ಜಿ ಕೊಟ್ಟೆ. ಸೋಮವಾರ ಶಿವಮೊಗ್ಗಕ್ಕೆ ಹೋಗಿ ಎರಡು ಕಡೆ ವರ್ಕ್‌ಶಾಪ್ ನೋಡಿ ಬರ್ತೀವಿ, ಹನ್ನೊಂದಕ್ಕೇ. ತೀರ್ಥಹಳ್ಳಿ ಅಣ್ಣಾ, ಅಂಗಡಿ ವಿಷಯ ಹೇಳ್ದಾಗಿಂದ ಇವನು ಬ್ಯಾಗ್ ತುಂಬ್ಕೊಂಡು ಕೂತಿದಾನೆ. ಗುರುವಾರ ಕಳಿಸ್ಲಾ?